ಟವರ್ ಕಂಪನಿಯ ನೌಕರಿ: ಗುಜರಾತಿನ ಮೂರು ಊರುಗಳಲ್ಲಿ ಕಂಡದ್ದು



ಇವತ್ತು ಬೆಳಗಿನಿಂದ ಮೊಬೈಲಿನಲ್ಲಿ ಎಷ್ಟು ಸಲ ಮಾತಾಡಿದಿರಿ ಎಂದು ಕೇಳಿದರೆ ಲೆಕ್ಕ ಹೇಳುವುದು ಯಾರಿಗೂ ಕಷ್ಟ. ಊರಿಗೆ ಫೋನ್ ಮಾಡಿ ಅಮ್ಮನನ್ನು ಮಾತಾಡಿಸಿರುತ್ತೀರಿ, ಆಫೀಸಿಗೆ ತಡವಾಗುತ್ತದೆ ಎಂದು ತಿಳಿಸಿರುತ್ತೀರಿ, ತರಕಾರಿಯವನಿಗೆ ದುಡ್ಡನ್ನೂ ಅದರಲ್ಲೇ ಕೊಟ್ಟಿರುತ್ತೀರಿ. ನಿಮ್ಮಲ್ಲಿ ಕೆಲವರು ಈ ಕಾರ್ಯಕ್ರಮವನ್ನೂ ಅದೇ ಫೋನಿನಲ್ಲಿ ಕೇಳುತ್ತಿರಬಹುದು. ಆದರೆ ನಮಗೆ ಟವರ್ ನೆನಪಾಗುವುದು ಸಿಗ್ನಲ್ ಹೋದಾಗ ಮಾತ್ರ. ಆ ಟವರನ್ನು ನೋಡಿಕೊಳ್ಳುವವರು ಯಾರು, ಅವರ ನೌಕರಿ ಹೇಗಿರುತ್ತದೆ ಎಂಬುದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ನಾನು ಅಹಮದಾಬಾದ್, ವಡೋದರಾ, ಸೂರತ್ ಈ ಮೂರು ಊರುಗಳಲ್ಲಿ ಹಲವು ವರ್ಷ ಈ ಕೆಲಸ ಮಾಡಿದವನು. ಕಂಪನಿಯ ಹೆಸರು ಹೇಳುವುದಿಲ್ಲ. ಯಾಕೆಂದರೆ ನಾನು ಹೇಳಬೇಕೆಂದಿರುವುದು ಒಂದು ಕಂಪನಿಯ ದೂರಲ್ಲ, ಈ ಉದ್ಯೋಗದ ಸ್ವಭಾವ. ನಮ್ಮ ಕನ್ನಡದ ಎಷ್ಟೋ ಮನೆಗಳಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಇಂಥ ಕಂಪನಿಗಳಿಂದ ಕರೆ ಬರುತ್ತದೆ. ದೊಡ್ಡ ಕಂಪನಿ, ದೊಡ್ಡ ಹೆಸರು ಎಂದು ಸಂತೋಷಪಡುತ್ತೇವೆ. ಸಂತೋಷಪಡಲಿ. ಜೊತೆಗೆ ನಾಲ್ಕು ವಿಷಯ ತಿಳಿದುಕೊಂಡು ಹೋಗಲಿ ಎಂಬುದೇ ನನ್ನ ಆಸೆ.

ಟೆಲಿಫೋನಿಗೂ ಕನ್ನಡಿಗರಿಗೂ ಹಳೆಯ ನಂಟು. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ನಂತರ ಹಳ್ಳಿಗಳಿಗೆ ಫೋನ್ ತಲುಪಿಸಬೇಕೆಂದು 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ ಹಿಂದಿದ್ದ ಸ್ಯಾಮ್ ಪಿತ್ರೋಡಾ ಓದಿದ್ದು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. ಆ ಸಂಸ್ಥೆ ತಯಾರಿಸಿದ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಕೆಲಸ ಶುರುಮಾಡಿದ್ದು ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ಹೀಗೆ ವಡೋದರಾಕ್ಕೂ ಕಿತ್ತೂರಿಗೂ ಒಂದು ತಂತಿ ಆಗಲೇ ಎಳೆದಿತ್ತು.

ನಮ್ಮ ತಂದೆಯವರ ಕಾಲದಲ್ಲಿ ಟೆಲಿಫೋನ್ ಇಲಾಖೆ ಅಥವಾ ಐಟಿಐ ಕೆಲಸ ಎಂದರೆ ಮುಗಿಯಿತು, ಹುಡುಗನಿಗೆ ಹೆಣ್ಣು ಕೊಡಲು ಸಾಲುಗಟ್ಟಿ ಬರುತ್ತಿದ್ದರು. ಕ್ವಾರ್ಟರ್ಸು, ಕ್ಯಾಂಟೀನು, ನಿವೃತ್ತಿಯಾದ ಮೇಲೆ ಕೈತುಂಬ ಹಣ. ಆ ಚಿತ್ರ ಇನ್ನೂ ನಮ್ಮ ಹಿರಿಯರ ಮನಸ್ಸಿನಲ್ಲಿದೆ. ಟವರ್ ಕಂಪನಿಯ ಕೆಲಸವನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಈ ಟವರ್ ಕಂಪನಿ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಪ್ರತಿ ಕಂಪನಿಯೂ ತನ್ನದೇ ಟವರ್ ಹಾಕಿಕೊಳ್ಳುತ್ತಿತ್ತು. ಒಂದೇ ಬೀದಿಯಲ್ಲಿ ಮೂರು ಟವರ್, ಮೂರು ಜನರೇಟರ್, ಮೂವರು ಕಾವಲುಗಾರರು. ಈ ಖರ್ಚು ಯಾಕೆಂದು ಯೋಚಿಸಿ ಭಾರ್ತಿ, ವೊಡಾಫೋನ್, ಐಡಿಯಾ ಮೂರೂ ಸೇರಿ 2007ರಲ್ಲಿ ಇಂಡಸ್ ಟವರ್ಸ್ ಎಂಬ ಕಂಪನಿ ಕಟ್ಟಿದವು. 2020ರಲ್ಲಿ ಭಾರ್ತಿ ಇನ್ಫ್ರಾಟೆಲ್ ಕೂಡ ಅದರೊಂದಿಗೆ ಒಂದಾಯಿತು. ಇಂಥವೇ ಬೇರೆ ಕಂಪನಿಗಳೂ ಇವೆ. ಇವು ಸಿಮ್ ಮಾರುವುದಿಲ್ಲ, ನಿಮಗೆ ಬಿಲ್ ಕಳಿಸುವುದಿಲ್ಲ. ಮನೆ ಕಟ್ಟಿ ಬಾಡಿಗೆಗೆ ಕೊಡುವ ಮಾಲೀಕರ ಹಾಗೆ ಜಾಗ, ಕಬ್ಬಿಣದ ಗೋಪುರ, ಕರೆಂಟು ಇಷ್ಟನ್ನು ಒದಗಿಸುತ್ತವೆ. ಮೊಬೈಲ್ ಕಂಪನಿಗಳು ಬಾಡಿಗೆದಾರರು. ಒಂದು ಟವರಿಗೆ ಇಬ್ಬರು ಮೂವರು ಬಾಡಿಗೆದಾರರು ಸಿಕ್ಕರೆ ಲಾಭ. ಒಬ್ಬನೇ ಉಳಿದರೆ ಕಷ್ಟ.

ಇಲ್ಲಿ ನೌಕರರ ಕೆಲಸ ಒಂದೇ ಮಾತಿನಲ್ಲಿ ಹೇಳುವುದಾದರೆ, ಕರೆಂಟು ಹೋಗದಂತೆ ನೋಡಿಕೊಳ್ಳುವುದು. ಬೀದಿಯ ಕರೆಂಟು ಬಂದು 48 ವೋಲ್ಟಿನ ಡಿಸಿ ಆಗಿ ಉಪಕರಣಗಳಿಗೆ ಹೋಗುತ್ತದೆ. ಅದು ನಿಂತರೆ ಬ್ಯಾಟರಿ. ಬ್ಯಾಟರಿ ಮುಗಿಯುವ ಮೊದಲು ಡೀಸೆಲ್ ಜನರೇಟರ್ ಶುರುವಾಗಬೇಕು. ಯಾವುದು ಕೈಕೊಟ್ಟರೂ ದೂರದ ನಿಯಂತ್ರಣ ಕೊಠಡಿಯಲ್ಲಿ ಅಲಾರಂ ಬರುತ್ತದೆ, ಮರುಕ್ಷಣ ಆ ಭಾಗದ ಟೆಕ್ನಿಷಿಯನ್ನಿನ ಫೋನ್ ಹೊಡೆದುಕೊಳ್ಳುತ್ತದೆ. ಒಪ್ಪಂದದಲ್ಲಿ ಶೇಕಡಾ 99.95 ಸಮಯ ಟವರ್ ನಡೆಯಬೇಕು ಎಂದು ಬರೆದಿದ್ದರೆ ಲೆಕ್ಕ ಹಾಕಿ ನೋಡಿ. 30 ದಿನದ ತಿಂಗಳಿನಲ್ಲಿ 43,200 ನಿಮಿಷ. ಅದರಲ್ಲಿ ಟವರ್ ನಿಲ್ಲಬಹುದಾದದ್ದು 21 ನಿಮಿಷ ಚಿಲ್ಲರೆ. ಅದಕ್ಕಿಂತ ಹೆಚ್ಚಾದರೆ ಕಂಪನಿಗೆ ದಂಡ. ದಂಡದ ಬಿಸಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ, ಕೊನೆಗೆ ಮಧ್ಯರಾತ್ರಿ ಬೈಕ್ ಒದೆಯುವ ಹುಡುಗನ ತಲೆಯ ಮೇಲೆ ಬಂದು ಕೂರುತ್ತದೆ.

ಈ ವಿಷಯದಲ್ಲಿ ಗುಜರಾತಿಗೆ ಒಂದು ಅನುಕೂಲ ಇದೆ. 2003ರಿಂದ 2006ರ ನಡುವೆ ಅಲ್ಲಿ ಜ್ಯೋತಿಗ್ರಾಮ ಯೋಜನೆ ಬಂದು, ಹೊಲದ ಪಂಪ್‌ಸೆಟ್ಟಿನ ಲೈನು ಬೇರೆ, ಊರಿನ ಲೈನು ಬೇರೆ ಆಯಿತು. ಹಾಗಾಗಿ ಹಳ್ಳಿಯಲ್ಲೂ ಕರೆಂಟು ಚೆನ್ನಾಗಿದೆ. ಬೇರೆ ರಾಜ್ಯದಿಂದ ವರ್ಗವಾಗಿ ಬಂದವರು, ಇಲ್ಲಿ ಡೀಸೆಲಿನ ತಲೆನೋವು ಕಡಿಮೆ ಎಂದು ನಿಟ್ಟುಸಿರು ಬಿಡುವುದನ್ನು ಕೇಳಿದ್ದೇನೆ. ಆದರೆ ಮೂರೂ ಊರುಗಳಿಗೆ ಅವುಗಳದೇ ಬೇರೆ ತಲೆನೋವುಗಳಿವೆ.

ಅಹಮದಾಬಾದಿನ ತಲೆನೋವು ಬಿಸಿಲು. 2016ರ ಮೇ 20ರಂದು ಅಲ್ಲಿ 48 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದಕ್ಕೂ ಮೊದಲು 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಬಹಳ ಜನ ತೀರಿಕೊಂಡರು. ಅದರ ನಂತರ 2013ರಲ್ಲಿ ನಗರ ಪಾಲಿಕೆ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಅಂಥ ಮೊದಲ ಯೋಜನೆ ಅದು. ಮಧ್ಯಾಹ್ನ ಹೊರಗೆ ದುಡಿಯಬೇಡಿ, ನೀರು ಕುಡಿಯಿರಿ, ನೆರಳಿನಲ್ಲಿರಿ ಎಂದು ಸಲಹೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಆಂಟೆನಾದ ಕೇಬಲ್ ಸುಟ್ಟರೆ? 40 ಮೀಟರ್ ಎತ್ತರದ ಕಬ್ಬಿಣದ ಟವರಿಗೆ ನೆರಳೆಲ್ಲಿಂದ ಬರಬೇಕು? ಕೈಗವಸು ಇಲ್ಲದೆ ಏಣಿ ಮುಟ್ಟಿದರೆ ಅಂಗೈ ಸುಡುತ್ತದೆ. ಒಳ್ಳೆಯ ಮೇಲಧಿಕಾರಿ ಇದ್ದರೆ, ಹತ್ತು ಗಂಟೆಯೊಳಗೆ ಹತ್ತಿ ಇಳಿ, ಇಲ್ಲದಿದ್ದರೆ ಸಂಜೆ ಐದಕ್ಕೆ ನೋಡೋಣ ಎನ್ನುತ್ತಾನೆ. ಇಲ್ಲದಿದ್ದರೆ ದಂಡದ ಲೆಕ್ಕ ತೋರಿಸುತ್ತಾನೆ. ನೌಕರಿಯ ಸುಖದುಃಖ ಎಷ್ಟೋ ಸಲ ಕಂಪನಿಯ ನಿಯಮದಲ್ಲಿರುವುದಿಲ್ಲ, ಆ ಒಬ್ಬ ಮನುಷ್ಯನಲ್ಲಿರುತ್ತದೆ.

ಇನ್ನು ಜನವರಿ 14ರ ಉತ್ತರಾಯಣ. ಅಹಮದಾಬಾದ್ ಊರಿಗೆ ಊರೇ ತಾರಸಿಯ ಮೇಲಿರುತ್ತದೆ. ಗಾಳಿಪಟ, ಊಂಧಿಯು, ಜಿಲೇಬಿ, ಹಾಡು. ನೋಡಲು ಕಣ್ಣಿಗೆ ಹಬ್ಬ. ನಮಗೆ ಮಾತ್ರ ಅದು ಎರಡು ದಿನದ ಪಹರೆ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಕರೆಂಟಿನ ತಂತಿಗೆ, ಆಂಟೆನಾಕ್ಕೆ ಸುತ್ತಿಕೊಳ್ಳುತ್ತದೆ. ಟೆಕ್ನಿಷಿಯನ್ ಬೈಕಿನಲ್ಲಿ ಹೋಗುವಾಗ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಹೋಗಬೇಕು. ಆದರೂ ಒಂದು ಮಾತು ಹೇಳಲೇಬೇಕು. ಕೆಲಸಕ್ಕೆಂದು ಯಾರದೋ ತಾರಸಿಗೆ ಹೋದ ಹುಡುಗನನ್ನು ಆ ಮನೆಯವರು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ನೋಡಿಲ್ಲ. ಬನ್ನಿ ಭಾಯ್, ಮೊದಲು ಚಿಕ್ಕಿ ತಿನ್ನಿ, ಆಮೇಲೆ ಟವರ್ ಎನ್ನುತ್ತಾರೆ.

ಊರಿನವರ ಜೊತೆ ವ್ಯವಹಾರವೂ ಈ ನೌಕರಿಯ ದೊಡ್ಡ ಭಾಗ. ಟವರಿನಿಂದ ಕಾಯಿಲೆ ಬರುತ್ತದೆ ಎಂದು ಸೊಸೈಟಿಯವರು ಗಲಾಟೆ ಮಾಡುತ್ತಾರೆ. ವಿಕಿರಣದ ಮಿತಿಯನ್ನು ನಮ್ಮ ಸರಕಾರ 2012ರ ಸೆಪ್ಟೆಂಬರ್ 1ರಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದೆ ಎಂದು ಅವರ ಭಾಷೆಯಲ್ಲಿ ವಿವರಿಸಬೇಕು. ಇನ್ನೊಂದು ಕಡೆ ಆಸ್ತಿ ತೆರಿಗೆಯ ಜಗಳ. ಟವರ್ ಎಂದರೆ ಕಟ್ಟಡವೋ ಯಂತ್ರವೋ ಎಂಬ ಪ್ರಶ್ನೆ ಗುಜರಾತ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಹಮದಾಬಾದ್ ಮಹಾನಗರ ಪಾಲಿಕೆ ಮತ್ತು ಜಿಟಿಎಲ್ ಇನ್ಫ್ರಾಸ್ಟ್ರಕ್ಚರ್ ನಡುವಿನ ಆ ಮೊಕದ್ದಮೆಯಲ್ಲಿ 2016ರ ಡಿಸೆಂಬರಿನಲ್ಲಿ ತೀರ್ಪು ಬಂದು, ಟವರಿಗೂ ಆಸ್ತಿ ತೆರಿಗೆ ಹಾಕಬಹುದು ಎಂದಾಯಿತು. ಕೋರ್ಟಿನಲ್ಲಿ ವಕೀಲರು ವಾದಿಸುತ್ತಾರೆ. ಆದರೆ ಯಾವುದೇ ಊರಿನಲ್ಲಿ ಬಾಕಿಗೆಂದು ಟವರಿನ ಕೋಣೆಗೆ ಬೀಗ ಬಿದ್ದ ದಿನ ಬೀಗದ ಮುಂದೆ ಕೈಕಟ್ಟಿ ನಿಲ್ಲುವವನು ಸ್ಥಳೀಯ ನೌಕರ.

ವಡೋದರಾ ಸ್ವಲ್ಪ ಶಾಂತ ಊರು. ವಿಶ್ವವಿದ್ಯಾಲಯದ ಊರು, ಆಲದ ಮರಗಳ ಊರು. ಅಲ್ಲಿಗೆ ಹೋದ ಹೊಸತರಲ್ಲಿ ನಮ್ಮ ಮೈಸೂರಿನ ನೆನಪಾಗುತ್ತಿತ್ತು. ಆದರೆ ವಿಶ್ವಾಮಿತ್ರಿ ನದಿ ಊರಿನ ನಡುವೆಯೇ ಹರಿಯುತ್ತದೆ, ಅದರಲ್ಲಿ ಮೊಸಳೆಗಳಿವೆ. 2019ರ ಜುಲೈ ಕೊನೆಗೆ ಮತ್ತು 2024ರ ಆಗಸ್ಟ್ ಕೊನೆಗೆ ಪ್ರವಾಹ ಬಂದಾಗ ಮೊಸಳೆಗಳು ಬಡಾವಣೆಗಳ ಒಳಗೇ ಬಂದವು. ಟಿವಿಯಲ್ಲಿ ನೋಡುವವರಿಗೆ ಅದು ಸೋಜಿಗ. ಮೊಣಕಾಲುದ್ದ ನೀರಿನಲ್ಲಿ ಬ್ಯಾಟರಿ ಕೋಣೆಗೆ ಹೋಗಬೇಕಾದವನಿಗೆ? ಹೋಗಲ್ಲ ಎಂದು ಹೇಳುವ ಹಕ್ಕು ಅವನಿಗಿದೆಯೇ? ಕಾಯಂ ನೌಕರನಾಗಿದ್ದರೆ ಹೇಳಬಹುದು. ಗುತ್ತಿಗೆಯವನಾಗಿದ್ದರೆ, ಹೇಳಿದರೆ ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದು ಯೋಚಿಸುತ್ತಾನೆ.

ಸೂರತ್ ಇನ್ನೊಂದು ಬಗೆ. 1890ರ ದಶಕದಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಎಂಜಿನಿಯರಾಗಿ ದುಡಿದ ಊರು ಅದು. ಇವತ್ತು ಸೀರೆ ಮತ್ತು ವಜ್ರದ ಊರು. ಅಲ್ಲಿ ಫೋನ್ ಎಂದರೆ ವ್ಯಾಪಾರ. ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಯಲ್ಲಿ ಹತ್ತು ನಿಮಿಷ ಸಿಗ್ನಲ್ ಹೋದರೆ ಅಂಗಡಿಯವರು ಸುಮ್ಮನಿರುವುದಿಲ್ಲ. 2006ರ ಆಗಸ್ಟಿನಲ್ಲಿ ಉಕಾಯ್ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ತಾಪಿ ನದಿ ಉಕ್ಕಿ, ನಗರದ ಬಹುಭಾಗ ಮುಳುಗಿತು. ಆ ಪ್ರವಾಹ ಕಂಡ ಹಿರಿಯ ಸಹೋದ್ಯೋಗಿಗಳು ಹೊಸ ಹುಡುಗರಿಗೆ ಕಲಿಸುತ್ತಿದ್ದ ಮೊದಲ ಪಾಠ: ಜನರೇಟರಿನ ಕಟ್ಟೆ ಎಷ್ಟು ಎತ್ತರ ಇದೆ ನೋಡು. ನೆಲದ ಜನರೇಟರ್ ಮುಳುಗಿದರೆ ತಾರಸಿಯ ಆಂಟೆನಾ ಎಷ್ಟು ಮೇಲಿದ್ದರೂ ಪ್ರಯೋಜನವಿಲ್ಲ. ಬ್ಯಾಟರಿ ಇರುವಷ್ಟು ಹೊತ್ತು ಅದರ ಆಯುಸ್ಸು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು. ಸೂರತ್‌ನ ಮಗ್ಗಗಳು ನಿಂತವು. ಒಡಿಶಾ, ಉತ್ತರ ಪ್ರದೇಶ, ಬಿಹಾರದಿಂದ ಬಂದ ಲಕ್ಷಾಂತರ ಕಾರ್ಮಿಕರು ಊರಿಗೂ ಹೋಗಲಾಗದೆ ಇಲ್ಲೂ ಇರಲಾಗದೆ ಸಿಕ್ಕಿಕೊಂಡರು. ಊರಿಗೆ ಕಳಿಸಿ ಎಂದು ಏಪ್ರಿಲ್‌ನಲ್ಲಿ ಬೀದಿಗಿಳಿದರು. ಒಂದೇ ಕೋಣೆಯಲ್ಲಿ ಹತ್ತು ಜನ ಇದ್ದ ಅವರಿಗೆ ಊರಿನ ಮುಖ ಕಾಣಿಸುತ್ತಿದ್ದದ್ದು ಫೋನಿನಲ್ಲಿ ಮಾತ್ರ. ಆ ದಿನಗಳಲ್ಲಿ ಟವರಿನ ಟೆಕ್ನಿಷಿಯನ್ನುಗಳು ಪಾಸ್ ಹಿಡಿದು ಖಾಲಿ ರಸ್ತೆಯಲ್ಲಿ ಓಡಾಡಿದರು. ಮನೆಗೆ ಹೋದರೆ ಬಾಗಿಲಲ್ಲೇ ಬಟ್ಟೆ ಬಿಚ್ಚಿ ನೀರು ಹಾಕಿಕೊಳ್ಳಬೇಕು. ವೈದ್ಯರಿಗೆ, ನರ್ಸುಗಳಿಗೆ, ಪೊಲೀಸರಿಗೆ ಜನ ಚಪ್ಪಾಳೆ ತಟ್ಟಿದರು, ತಟ್ಟಬೇಕಾದ್ದೇ. ಈ ಹುಡುಗರು ಇದ್ದಾರೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಸಿಗ್ನಲ್ ಹೋಗಿರಲಿಲ್ಲವಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದೊಡ್ಡ ಕಂಪನಿಯಲ್ಲಿ ಕೆಲಸ ಎನ್ನುತ್ತೇವೆ. ಆದರೆ ಟವರಿನ ಬಳಿ ಓಡಾಡುವವರಲ್ಲಿ ಹೆಚ್ಚಿನವರು ಆ ಕಂಪನಿಯ ನೌಕರರಲ್ಲ. ಕಾವಲುಗಾರ ಒಬ್ಬ ಗುತ್ತಿಗೆದಾರನ ಕಡೆಯವನು, ಡೀಸೆಲ್ ತುಂಬುವವನು ಇನ್ನೊಬ್ಬನ ಕಡೆಯವನು, ಟವರ್ ಹತ್ತುವ ರಿಗ್ಗರ್ ಮತ್ತೊಬ್ಬನ ಕಡೆಯವನು. ಟೋಪಿಯ ಮೇಲೆ ದೊಡ್ಡ ಕಂಪನಿಯ ಹೆಸರು, ಸಂಬಳದ ಚೀಟಿಯ ಮೇಲೆ ಯಾರೂ ಕೇಳಿರದ ಹೆಸರು.

ದಾಹೋದ್ ಕಡೆಯ ಒಬ್ಬ ಹುಡುಗ ನಮ್ಮ ಭಾಗದಲ್ಲಿ ಆರು ವರ್ಷ ಟೆಕ್ನಿಷಿಯನ್ ಆಗಿದ್ದ. ಆರು ವರ್ಷವೂ ಅದೇ ಟವರುಗಳು, ಅದೇ ಬೀಗದ ಕೈಗೊಂಚಲು. ಯಾವ ಜನರೇಟರ್ ಚಳಿಗೆ ಸ್ಟಾರ್ಟ್ ಆಗುವುದಿಲ್ಲ, ಯಾವ ತಾರಸಿಯ ಅಜ್ಜಿಗೆ ಕೋಪ ಜಾಸ್ತಿ ಎಲ್ಲ ಅವನಿಗೆ ಬಾಯಿಪಾಠ. ಆದರೆ ಈ ಅವಧಿಯಲ್ಲಿ ಗುತ್ತಿಗೆದಾರರು ಮೂವರು ಬದಲಾದರು. ಪ್ರತಿ ಸಲವೂ ಹೊಸ ಕಾಗದ, ಹೊಸ ಗುರುತಿನ ಚೀಟಿ. ಅಂದರೆ ಕಾಗದದ ಮೇಲೆ ಅವನು ಪ್ರತಿ ಸಲವೂ ಹೊಸಬ. ಅಂದಿನ ನಿಯಮದಂತೆ ಗ್ರಾಚ್ಯುಟಿಗೆ ಒಂದೇ ಕಡೆ ಐದು ವರ್ಷ ಸೇವೆ ಬೇಕಿತ್ತು. ಆರು ವರ್ಷ ದುಡಿದವನ ಕೈಯಲ್ಲಿ ಎಲ್ಲಿಯೂ ಐದು ವರ್ಷ ಇರಲಿಲ್ಲ. ಒಂದು ಮಳೆಗಾಲ ಅವನು ತಾರಸಿಯ ಕಬ್ಬಿಣದ ಏಣಿಯಿಂದ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಆಸ್ಪತ್ರೆಗೆ ಸೇರಿಸಿದ್ದಾಯಿತು. ಆದರೆ ಇವನು ಯಾರ ನೌಕರ, ಕಾಗದಕ್ಕೆ ಯಾರು ಸಹಿ ಹಾಕಬೇಕು ಎಂಬ ಮಾತುಕತೆಯಲ್ಲಿ ಒಂದು ದಿನ ಪೂರ್ತಿ ಹೋಯಿತು. ಅವನ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಂದವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ: ಸಾಹೇಬ್, ಇವರ ಕಂಪನಿ ಯಾವುದು? ಅಲ್ಲಿದ್ದ ನಮ್ಮ ಯಾರ ಬಳಿಯೂ ಆ ಹೆಂಗಸಿಗೆ ಅರ್ಥವಾಗುವಂಥ ಉತ್ತರ ಇರಲಿಲ್ಲ. ಹುಡುಗ ಗುಣವಾದ. ಟವರ್ ಹತ್ತುವ ಕೆಲಸ ಮಾತ್ರ ಅವನಿಂದ ಮುಂದೆ ಆಗಲಿಲ್ಲ.

ಕಾಯಂ ನೌಕರರ ಪಾಡು ಇದಕ್ಕಿಂತ ಮೇಲು, ಆದರೆ ಅಲ್ಲೂ ನೆಲ ಗಟ್ಟಿಯಿಲ್ಲ. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟು 122 ಲೈಸೆನ್ಸು ರದ್ದು ಮಾಡಿತು. 2017, 2018ರಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್, ಏರ್‌ಸೆಲ್ ಮೊಬೈಲ್ ಸೇವೆ ನಿಂತವು. 2018ರ ಆಗಸ್ಟ್ 31ರಂದು ವೊಡಾಫೋನ್, ಐಡಿಯಾ ಒಂದಾದವು. ಪ್ರತಿ ಸಲವೂ ಪೇಪರಿನಲ್ಲಿ ಷೇರಿನ ಸುದ್ದಿ ಬರುತ್ತದೆ. ನಮ್ಮ ಕಡೆ ಬರುವುದು ಬೇರೆ ಸುದ್ದಿ. ಬಾಡಿಗೆದಾರ ಹೋದ ಟವರಿಗೆ ಯಾರನ್ನು ಇಟ್ಟುಕೊಳ್ಳುವುದು? ಎರಡು ಕಂಪನಿ ಒಂದಾದರೆ ಒಂದು ಕುರ್ಚಿಗೆ ಇಬ್ಬರು. ಒಬ್ಬರಿಗೆ ಬೇರೆ ರಾಜ್ಯಕ್ಕೆ ವರ್ಗ, ಇನ್ನೊಬ್ಬರಿಗೆ ಬೀಳ್ಕೊಡುಗೆ. ಸರಕಾರಿ ಸಂಸ್ಥೆಯೂ ಇದಕ್ಕೆ ಹೊರತಾಗಲಿಲ್ಲ. ಬಿಎಸ್‌ಎನ್‌ಎಲ್‌ನಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡ 78,000ಕ್ಕೂ ಹೆಚ್ಚು ಜನ 2020ರ ಜನವರಿ 31ರಂದು ಒಂದೇ ದಿನ ಮನೆಗೆ ಹೋದರು.

ಹಾಗಾದರೆ ಈ ಕೆಲಸಕ್ಕೆ ಹೋಗಬಾರದೇ? ಹಾಗೆ ಹೇಳುವುದಿಲ್ಲ. ನನಗೆ ಈ ನೌಕರಿ ಬಹಳ ಕೊಟ್ಟಿದೆ. ಮಾತಾಡಿ ಜಗಳ ಬಿಡಿಸುವುದನ್ನು ಕಲಿಸಿತು. ಗುಜರಾತಿ ಭಾಷೆ ಕಲಿಸಿತು. ಕೇಮ್ ಛೋ ಎಂದರೆ ಮಜಾಮಾ ಎಂದು ಉತ್ತರಿಸಿ, ಎರಡು ಮಾತು ಅವರ ಭಾಷೆಯಲ್ಲಿ ಆಡಿದರೆ ಮುಚ್ಚಿದ ಬಾಗಿಲು ತೆರೆಯುತ್ತದೆ. ಸಾಂಬಾರಿಗೂ ಬೆಲ್ಲ ಹಾಕುತ್ತಾರೆ ಎಂದು ಗೊಣಗಿಕೊಂಡು ಹೋದವರು, ಉಡುಪಿಯವರ ಹೋಟೆಲಿನಲ್ಲಿ ದೋಸೆ ತಿಂದು, ಕನ್ನಡ ಬಳಗದಲ್ಲಿ ಯುಗಾದಿ ಮಾಡಿ, ಕೊನೆಗೆ ಅಲ್ಲೇ ಮನೆ ಮಾಡಿದ್ದನ್ನೂ ಕಂಡಿದ್ದೇನೆ. ಪವರ್, ಬ್ಯಾಟರಿ, ಜನರೇಟರ್ ಇವುಗಳ ಕೆಲಸ ಚೆನ್ನಾಗಿ ಕಲಿತವನಿಗೆ ಆಸ್ಪತ್ರೆ, ಕಾರ್ಖಾನೆ, ಡೇಟಾ ಸೆಂಟರ್, ಸೋಲಾರ್ ಎಲ್ಲ ಕಡೆ ಬೇಡಿಕೆಯಿದೆ. ಕಂಪನಿಯ ಹೆಸರು ಕೈಬಿಟ್ಟರೂ ಕಲಿತ ವಿದ್ಯೆ ಕೈಬಿಡುವುದಿಲ್ಲ.

ಹೋಗುವ ಮುನ್ನ ನಾಲ್ಕು ವಿಷಯ ಮಾತ್ರ ನೋಡಿಕೊಳ್ಳಿ.

ಮೊದಲನೆಯದು, ನೇಮಕಾತಿ ಪತ್ರದ ಮೇಲೆ ಯಾರ ಹೆಸರಿದೆ? ಕಂಪನಿಯದೋ, ಗುತ್ತಿಗೆದಾರನದೋ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು. ಬಾಯಿಮಾತಿಗೆ ಒಪ್ಪಬೇಡಿ.

ಎರಡನೆಯದು, ಪಿಎಫ್. ನಿಮ್ಮ ಯುಎಎನ್ ನಂಬರ್ ಒಂದೇ ಇರಲಿ, ಗುತ್ತಿಗೆದಾರ ಬದಲಾದರೂ ಅದೇ ನಂಬರ್ ಮುಂದುವರಿಸಿ. ಪ್ರತಿ ತಿಂಗಳೂ ಹಣ ಬಿದ್ದಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ. ಸಂಬಳದಲ್ಲಿ ಹಿಡಿದದ್ದಷ್ಟೇ ಸಾಲದು, ಅದು ಜಮಾ ಆಗಬೇಕು. ಗುತ್ತಿಗೆದಾರ ಸಂಬಳವನ್ನೇ ಕೊಡದಿದ್ದರೆ ಮೂಲ ಕಂಪನಿ ಕೊಡಬೇಕು ಎಂದು ಕಾನೂನು ಹೇಳುತ್ತದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದ್ದದ್ದು ಹೊಸ ಸಂಹಿತೆಯಲ್ಲೂ ಉಳಿದಿದೆ. ಹಾಗೆಯೇ ಇಷ್ಟು ಅವಧಿಗೆಂದು ಬರೆದುಕೊಟ್ಟು ಸೇರಿಸಿಕೊಂಡ ನೌಕರನಿಗೆ ಈಗ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಉಂಟು. ನಿಮ್ಮ ಪತ್ರದಲ್ಲಿ ಯಾವ ಬಗೆಯ ನೇಮಕ ಎಂದು ಬರೆದಿದೆ, ಓದಿ.

ಮೂರನೆಯದು, ಅಪಘಾತವಾದರೆ ಯಾರು? ಇಎಸ್‌ಐ ಇದೆಯೇ, ಇಲ್ಲದಿದ್ದರೆ ವಿಮೆ ಇದೆಯೇ? ಆ ಕಾಗದದ ಒಂದು ಪ್ರತಿ ಮನೆಯಲ್ಲಿರಲಿ, ಮನೆಯವರಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿ. ಆ ಬೆಂಚಿನ ಮೇಲೆ ಕೂತ ಹೆಂಗಸಿನ ಪ್ರಶ್ನೆ ನಿಮ್ಮ ಮನೆಯವರು ಕೇಳುವಂತಾಗಬಾರದು.

ನಾಲ್ಕನೆಯದು, ಎತ್ತರದ ಕೆಲಸ. ತರಬೇತಿ ಇಲ್ಲದೆ, ವೈದ್ಯರ ಪರೀಕ್ಷೆ ಇಲ್ಲದೆ, ಇಡೀ ಮೈಗೆ ಕಟ್ಟುವ ಸೇಫ್ಟಿ ಬೆಲ್ಟ್ ಇಲ್ಲದೆ, ಕೆಳಗೆ ಇನ್ನೊಬ್ಬ ಇಲ್ಲದೆ ಟವರ್ ಹತ್ತಬೇಡಿ. 21 ನಿಮಿಷದ ದಂಡವನ್ನು ಕಂಪನಿ ಇನ್ನೊಂದು ತಿಂಗಳಲ್ಲಿ ಸರಿಮಾಡಿಕೊಳ್ಳುತ್ತದೆ.

ಕೊನೆಯದಾಗಿ, ಈ ನೌಕರಿಗೆ ಹೋಗದ ಕೇಳುಗರಿಗೂ ಒಂದು ಕೋರಿಕೆ. ನೀವು ಇರುವ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಟವರ್ ಇದ್ದರೆ, ರಾತ್ರಿ ಹೊತ್ತು ಒಬ್ಬ ಹುಡುಗ ಬ್ಯಾಗ್ ಹಿಡಿದು ಗೇಟಿನ ಬಳಿ ನಿಂತಿದ್ದರೆ, ಗುರುತಿನ ಚೀಟಿ ನೋಡಿ ತಾರಸಿಯ ಬೀಗದ ಕೈ ಬೇಗ ಕೊಡಿಸಿ. ಲಿಫ್ಟ್ ನಮ್ಮವರಿಗೆ ಮಾತ್ರ ಎನ್ನಬೇಡಿ, ಅವನ ಹೆಗಲ ಮೇಲಿನ ಬ್ಯಾಟರಿ ಭಾರ ಇರುತ್ತದೆ. ಬೇಸಿಗೆಯಾದರೆ ಒಂದು ಲೋಟ ನೀರು ಕೊಡಿ. ಯಾವ ಊರಪ್ಪಾ ಎಂದು ಒಂದು ಮಾತು ಕೇಳಿ. ಯಾರಿಗೆ ಗೊತ್ತು, ಅವನು ರಾಯಚೂರಿನವನೋ ಕಲಬುರಗಿಯವನೋ ಆಗಿದ್ದು, ನಿಮ್ಮ ಕನ್ನಡ ಕೇಳಿ ಅವನ ಅರ್ಧ ದಣಿವು ಇಳಿದೀತು.